ಕಡ್ಡಾಯ ಮಾಡಿದ ಕೂಡಲೇ ಪೇಟೆಂಟ್ ದುಡ್ಡು ಒಂದೇ ಕಂಪನಿಗೆ ಹೋಗುತ್ತಾ?

ಎಬಿಎಸ್ ಬ್ರೇಕ್ ಇರಲಿ, ಹೊಸ ನಂಬರ್ ಪ್ಲೇಟ್ ಇರಲಿ, ಸರ್ಕಾರ ಒಂದನ್ನು ಕಡ್ಡಾಯ ಮಾಡಿದರೆ ಸಾಕು, ಅದರ ಪೇಟೆಂಟ್ ಯಾವುದೋ ಒಂದು ಕಂಪನಿಯ ಕೈಲಿದೆ ಎಂಬ ಮಾತು ಫೋನಿನಿಂದ ಫೋನಿಗೆ ಓಡಾಡುತ್ತದೆ. ಅನುಮಾನ ಪೂರ್ತಿ ಹುಸಿಯಲ್ಲ. ಆದರೆ ಅದನ್ನು ಇಡಬೇಕಾದ ಜಾಗ ಬೇರೆ.

ಸೊಕ್ಕೆಯಿಂದ ಜಗಳೂರಿಗೆ ಹೊರಟ ಯಾವುದಾದರೂ ಬೈಕನ್ನು ನೋಡಿ. ಹಿಂದಿನ ಚಕ್ರದ ಪಕ್ಕದಲ್ಲಿ ಒಂದು ಜಾಲರಿ ಇರುತ್ತದೆ. ನಾವು ಸೀರೆ ಗಾರ್ಡ್ ಅನ್ನುವುದು ಅದನ್ನೇ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ, ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕಾದರೂ ರಕ್ಷಣೆ ಇರಬೇಕು. ಅದು ಕಬ್ಬಿಣದ್ದೋ ಪ್ಲಾಸ್ಟಿಕ್ಕಿನದ್ದೋ, ಯಾವ ಆಕಾರದ್ದು ಎಂದು ನಿಯಮ ಹೇಳುವುದಿಲ್ಲ. ಒಬ್ಬರು ತಮ್ಮ ವಿಶೇಷ ಜಾಲರಿಗೆ ಪೇಟೆಂಟ್ ಪಡೆದರೂ ಉಳಿದವರು ಬೇರೆ ಥರದ್ದು ಮಾಡಿ ನಿಯಮ ಪಾಲಿಸಬಹುದು. ಆಗಬೇಕಾದ ಕೆಲಸವನ್ನಷ್ಟೇ ಹೇಳುವ ನಿಯಮದಲ್ಲಿ ಪೇಟೆಂಟಿಗೆ ಹಿಡಿತ ಸಿಗುವುದು ಕಷ್ಟ.

ಎಬಿಎಸ್ ಕಥೆಯೂ ಹೆಚ್ಚುಕಡಿಮೆ ಇದೇ. ಜರ್ಮನಿಯ ಬಾಷ್ ಕಂಪನಿ ಕಾರಿನ ಎಲೆಕ್ಟ್ರಾನಿಕ್ ಎಬಿಎಸ್ ಅನ್ನು ಮಾರುಕಟ್ಟೆಗೆ ತಂದದ್ದು 1978ರಲ್ಲಿ. ನಮ್ಮಲ್ಲಿ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೆ ಅದು ಕಡ್ಡಾಯವಾದದ್ದು ಏಪ್ರಿಲ್ 2019ರಿಂದ. ಪೇಟೆಂಟ್ ಆಯುಷ್ಯ ಅರ್ಜಿ ಹಾಕಿದ ದಿನದಿಂದ 20 ವರ್ಷ ಮಾತ್ರ. ಅಂದರೆ ಮೂಲ ಉಪಾಯ ಅಷ್ಟೊತ್ತಿಗೆ ಎಲ್ಲರದ್ದೂ ಆಗಿತ್ತು. ಆಮೇಲಿನ ಸುಧಾರಣೆಗಳಿಗೆ ಪೇಟೆಂಟ್ ಇರಬಹುದು, ಆದರೆ ಯಾರ ಎಬಿಎಸ್ ಹಾಕಬೇಕೆಂದು ನಿಯಮ ಹೇಳಿಲ್ಲ. ಇನ್ನೊಂದು ವಿಷಯ: ಅಮೆರಿಕದಲ್ಲಿ ಸಿಕ್ಕ ಪೇಟೆಂಟ್ ಭಾರತದಲ್ಲಿ ನಡೆಯುವುದಿಲ್ಲ. ಇಲ್ಲಿ ಬೇರೆಯಾಗಿ ಪಡೆಯಬೇಕು. ಫಾರ್ವರ್ಡ್‌ಗಳು ಇದನ್ನು ಹೇಳುವುದೇ ಇಲ್ಲ.

ಹಾಗಾದರೆ ತೊಂದರೆ ಎಲ್ಲಿ? ನಿಯಮವೇ ವಸ್ತುವಿನ ವಿನ್ಯಾಸವನ್ನು ಬಿಡಿಬಿಡಿಯಾಗಿ ಬರೆದಾಗ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ನೋಡಿ. ಅಲ್ಯೂಮಿನಿಯಂ ಹಲಗೆ, ಕ್ರೋಮಿಯಂ ಹೊಲೋಗ್ರಾಂ, ಲೇಸರ್‌ನಲ್ಲಿ ಕೊರೆದ ಸಂಖ್ಯೆ, ಬಿಚ್ಚಿದರೆ ಮತ್ತೆ ಹಾಕಲಾಗದ ಲಾಕ್, ಎಲ್ಲವೂ ನಿಯಮದಲ್ಲೇ ಇದೆ. ಇಷ್ಟು ಕಟ್ಟುನಿಟ್ಟಾದರೆ ಮಾಡಬಲ್ಲವರ ಸಂಖ್ಯೆ ಸಹಜವಾಗಿ ಇಳಿಯುತ್ತದೆ. ಏಕಸ್ವಾಮ್ಯದ ದೂರು ಸುಪ್ರೀಂ ಕೋರ್ಟಿಗೂ ಹೋಯಿತು. ಅಲ್ಲಿ ಮುಖ್ಯ ಜಗಳ ರಾಜ್ಯಗಳ ಟೆಂಡರ್ ಷರತ್ತುಗಳ ಬಗ್ಗೆ. 2004ರ ನವೆಂಬರ್‌ನಲ್ಲಿ ಕೋರ್ಟ್ ಆ ಷರತ್ತುಗಳನ್ನು ಎತ್ತಿಹಿಡಿಯಿತು. ಕರ್ನಾಟಕದಲ್ಲಿ 1 ಏಪ್ರಿಲ್ 2019ಕ್ಕೂ ಮುಂಚಿನ ವಾಹನಗಳಿಗೆ ಈ ಪ್ಲೇಟ್ ಕಡ್ಡಾಯವೆಂದು 2023ರಲ್ಲಿ ಆದೇಶ ಬಂದಾಗಲೂ ತಕರಾರು ಎದ್ದದ್ದು ಯಾರಿಗೆ ಪೂರೈಕೆಯ ಅವಕಾಶ ಎಂಬುದರ ಮೇಲೆ. ಟೆಂಡರ್, ಅನುಮತಿ, ಪೇಟೆಂಟ್ ಮೂರೂ ಬೇರೆ ಬೇರೆ. ಕೇಳಬೇಕಾದ ಪ್ರಶ್ನೆ ಟೆಂಡರ್ ಬಗ್ಗೆ ಇದ್ದಾಗ ಪೇಟೆಂಟ್ ಅಂತ ಕೂಗಿದರೆ ಉತ್ತರ ಕೊಡಬೇಕಾದವರು ಆರಾಮಾಗಿ ತಪ್ಪಿಸಿಕೊಳ್ಳುತ್ತಾರೆ.

ಇನ್ನು, ಪೇಟೆಂಟ್ ಇರುವ ಭಾಗವನ್ನೇ ನಿಯಮ ನಿಜವಾಗಿ ಕಡ್ಡಾಯ ಮಾಡಿಬಿಟ್ಟರೆ? ಕಾನೂನು ಹೇಳಿತು, ಅದಕ್ಕೇ ಮಾಡಿದೆ ಎಂದರೆ ನಮ್ಮ ಪೇಟೆಂಟ್ ಕಾಯ್ದೆಯಲ್ಲಿ ವಿನಾಯಿತಿ ಇಲ್ಲ. ಮಾಲೀಕ ಶುಲ್ಕ ಕೇಳಬಹುದು. ಕೆಲವರು ಕೇಳುವುದಿಲ್ಲ: 1959ರಲ್ಲಿ ಮೂರು ಬಿಂದುಗಳ ಸೀಟ್ ಬೆಲ್ಟ್ ತಂದ ವೋಲ್ವೋ, ಅದರ ಪೇಟೆಂಟನ್ನು ಬೇರೆ ಕಾರು ಕಂಪನಿಗಳಿಗೂ ಬಿಟ್ಟುಕೊಟ್ಟಿತು. ಆದರೆ ಎಲ್ಲರೂ ವೋಲ್ವೋ ಅಲ್ಲವಲ್ಲ. ಅಂಥವರಿಗಾಗಿ 1970ರ ಪೇಟೆಂಟ್ ಕಾಯ್ದೆಯ 84ನೇ ಸೆಕ್ಷನ್ ಇದೆ. ಪೇಟೆಂಟ್ ಕೊಟ್ಟು ಮೂರು ವರ್ಷವಾದ ಮೇಲೂ ವಸ್ತು ಜನರ ಕೈಗೆಟುಕುವ ಬೆಲೆಗೆ ಸಿಗದಿದ್ದರೆ, ಬೇರೆಯವರು ಅದನ್ನು ತಯಾರಿಸಲು ಕಡ್ಡಾಯ ಲೈಸೆನ್ಸ್ ಕೇಳಬಹುದು. 100ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರವೂ ತನ್ನ ಕೆಲಸಕ್ಕೆ ಬಳಸಿಕೊಳ್ಳಬಹುದು.

84ನೇ ಸೆಕ್ಷನ್ ಬರೀ ಕಾಗದದ ಮೇಲಿನ ಮಾತಲ್ಲ. 2012ರ ಮಾರ್ಚ್‌ನಲ್ಲಿ ಬೇಯರ್ ಕಂಪನಿಯ ನೆಕ್ಸಾವರ್ ಎಂಬ ಕ್ಯಾನ್ಸರ್ ಔಷಧವನ್ನು ತಯಾರಿಸಲು ಹೈದರಾಬಾದಿನ ನ್ಯಾಟ್ಕೋಗೆ ಈ ಲೈಸೆನ್ಸ್ ಸಿಕ್ಕಿತು. ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಇದ್ದ ಖರ್ಚು 8,800ಕ್ಕೆ ಇಳಿಯಿತು. ಬೇಯರ್‌ಗೂ ರಾಯಧನ ಸಿಕ್ಕಿತು. ಬೈಕು, ಕಾರಿನ ಸುರಕ್ಷತಾ ಭಾಗಕ್ಕೆ ಮಾತ್ರ ಈ ಬಾಗಿಲು ಇನ್ನೂ ತೆರೆದಿಲ್ಲ.