ಮನೆ ಬಾಡಿಗೆಗಿದೆ, ಆದರೆ ಯಾರಿಗೆ?

ದೀಪಾವಳಿ ರಜೆಗೆ ಬಾಗಲಕೋಟೆಯಿಂದ ಜಮಖಂಡಿಗೆ ಬಂದಾಗ ನನಗೊಂದು ಕೆಲಸ ಅಂಟಿಕೊಂಡಿತು. ಬೆಂಗಳೂರಿನಲ್ಲಿರುವ ಅಕ್ಕ, ಅಂದರೆ ನಮ್ಮ ದೊಡ್ಡವ್ವನ ಮಗಳು, ಫೋನ್ ಮಾಡಿ, ‘ಊರಾಗ ಎರಡು ಖೋಲಿ ಮನಿ ಬಾಡಿಗಿಗೆ ಸಿಗ್ತದೇನ ನೋಡೋ ತಮ್ಮಾ, ಜೂನ್‌ಗೆ ಕೂಸಿನ್ನ ಒಂದನೇ ಇಯತ್ತೆಗೆ ಹಚ್ಚಬೇಕು’ ಅಂದಳು. ಇದೇನು ಮಹಾ ಕೆಲಸ ಅಂದುಕೊಂಡೆ. ಆದರೆ ಆ ಮನೆಯಲ್ಲಿ ಇರಬೇಕಾದವರು ಅಕ್ಕ, ಅವಳ ಸಂಗಾತಿ ಮತ್ತು ಅವರಿಬ್ಬರ ಮಗಳು. ಸಂಗಾತಿಯೂ ಹೆಣ್ಣು. ಇಬ್ಬರೂ ಒಂದೇ ಮನೆಯಲ್ಲಿ ಬಾಳುವೆ ಮಾಡುತ್ತ ಎಂಟು ವರ್ಷವಾಯಿತು. ಮಗಳು ಒಬ್ಬಳನ್ನು ‘ಅವ್ವ’ ಅನ್ನುತ್ತಾಳೆ, ಶಿವಮೊಗ್ಗ ಕಡೆಯ ಇನ್ನೊಬ್ಬಳನ್ನು ‘ಅಮ್ಮ’ ಅನ್ನುತ್ತಾಳೆ. ಅವಳಿಗೆ ಇದರಲ್ಲಿ ಗೊಂದಲವೇ ಇಲ್ಲ. ಗೊಂದಲ ಇದ್ದದ್ದು ನನಗೆ. ಅಕ್ಕನ ಸಂಗಾತಿಯನ್ನು ಅಕ್ಕ ಅನ್ನಬೇಕೋ ವೈನಿ ಅನ್ನಬೇಕೋ ಗೊತ್ತಾಗದೆ ಒಂದು ವರ್ಷ ‘ರೀ’ ಅಂತಲೇ ಮಾತಾಡಿಸಿದ್ದೆ. (ಗುರುತು ಸಿಗದಿರಲೆಂದು ಇಲ್ಲಿ ಕೆಲವು ವಿವರ ಬದಲಿಸಿದ್ದೇನೆ.)

ಊರಿಗೆ ಬರುವ ಯೋಚನೆ ಯಾಕೆ ಬಂತೆಂದರೆ ದುಡ್ಡು. ಬೆಂಗಳೂರಿನ ಬಾಡಿಗೆ, ಡೇ ಕೇರ್, ಶಾಲೆಯ ಫೀ, ವ್ಯಾನು ಎಲ್ಲ ಸೇರಿದರೆ ಒಬ್ಬರ ಸಂಬಳ ತಿಂಗಳ ಮೊದಲ ವಾರವೇ ಖಾಲಿ. ಮನೆ ಬದಲಿಸೋಣವೆಂದರೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಅಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಅಕ್ಕನಿಗೆ ಮನೆಯಿಂದಲೇ ಆಫೀಸ್ ಕೆಲಸ. ಇನ್ನೊಬ್ಬರು ಬ್ಯಾಂಕ್ ಪರೀಕ್ಷೆ ಬರೆಯುವವರಿಗೆ ಆನ್‌ಲೈನ್ ಪಾಠ ಮಾಡುತ್ತಾರೆ. ಇಂಟರ್‌ನೆಟ್ ಇದ್ದರೆ ಜಮಖಂಡಿಯಾದರೇನು, ಬನಹಟ್ಟಿಯಾದರೇನು?

ಮೊದಲ ಮನೆ ಚೆನ್ನಾಗಿತ್ತು. ಯಜಮಾನರು ಚಹಾ ಕೊಟ್ಟು, ಯಾವ ಪೈಕಿ, ಎಷ್ಟು ಮಂದಿ ಎಂದೆಲ್ಲ ವಿಚಾರಿಸಿ, ‘ಅವರ ಯಜಮಾನ್ರು ಏನ ಮಾಡ್ತಾರ?’ ಅಂದರು. ನನ್ನ ಬಾಯಿಂದ ತಟ್ಟನೆ ‘ದುಬೈದಾಗ ಅದಾರ್ರಿ’ ಎಂದು ಬಂತು. ‘ಜೊತಿಗಿರೋ ಇನ್ನೊಬ್ಬರು?’ ‘ಅವರ ತಂಗಿ.’ ಮನೆ ಪಕ್ಕಾ ಆಯಿತು. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಖುಷಿಯಿಂದ ಫೋನ್ ಮಾಡಿದರೆ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬ್ಯಾಡ’ ಅಂದಳು. ‘ನಾವಿಬ್ರೂ ಸುಳ್ಳು ಹೇಳ್ಕೋತ ಇರಬಹುದು, ರೂಢಿ ಆಗೇತಿ. ಆ ಕೂಸಿಗೆ ಹೆಂಗ ಕಲಸ್ಲಿ? ಓಣಿಯಾಗ ಆಡಾಕ ಹೋದ ಮೊದಲ ದಿನಾನ ನನಗ ಅವ್ವನೂ ಅದಾಳ, ಅಮ್ಮನೂ ಅದಾಳ ಅಂತಾಳ.’

ಮಕ್ಕಳಿಲ್ಲದ ಜೋಡಿ ಎಲ್ಲಿಯಾದರೂ ಬಾಗಿಲು ಹಾಕಿಕೊಂಡು ಬದುಕಬಹುದು. ಮಗು ಬಂದ ಮೇಲೆ ಅದು ಆಗದು. ಶಾಲೆ, ದವಾಖಾನೆ, ಪಕ್ಕದ ಮನೆಯ ಹುಟ್ಟುಹಬ್ಬ ಎಲ್ಲ ಕಡೆಯೂ ಬಾಗಿಲು ತೆಗೆಯಲೇಬೇಕು. ನಮ್ಮ ಕಾನೂನು ಮಾತ್ರ ಈ ಮನೆಯನ್ನು ಇನ್ನೂ ಮನೆ ಎಂದು ಬರೆದುಕೊಂಡಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಆದರೆ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆಯ ಹಕ್ಕು ಸಿಗಲಿಲ್ಲ. ಜೋಡಿಯಾಗಿ ದತ್ತು ಪಡೆಯುವ ಕೋರಿಕೆಯೂ 3-2ರ ಬಹುಮತದಲ್ಲಿ ಬಿದ್ದುಹೋಯಿತು. ಜೋಡಿ ದತ್ತು ಪಡೆಯಬೇಕಾದರೆ ಕನಿಷ್ಠ ಎರಡು ವರ್ಷದ ಸ್ಥಿರ ದಾಂಪತ್ಯ ಇರಬೇಕೆಂಬುದು ನಿಯಮ. ಒಂಟಿ ಹೆಣ್ಣುಮಗಳಿಗೆ ಆ ತೊಡಕಿಲ್ಲ. ಹಾಗಾಗಿ ಅಕ್ಕ ಒಬ್ಬಳೇ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು ಮಗುವನ್ನು ಪಡೆದಳು. ಅವರು ಇಬ್ಬರು ಗಂಡಸರಾಗಿದ್ದರೆ ಹೆಣ್ಣುಮಗು ಸಿಗುತ್ತಲೇ ಇರಲಿಲ್ಲ, ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ದತ್ತು ಕೊಡುವಂತಿಲ್ಲ. ಕಾಗದದ ಪ್ರಕಾರ ‘ಅಮ್ಮ’ ಆ ಮಗುವಿಗೆ ಯಾರೂ ಅಲ್ಲ. ಹೋದ ವರ್ಷ ಮಗುವಿಗೆ ಜೋರು ಜ್ವರ ಬಂದಾಗ ಅಕ್ಕ ಊರಲ್ಲಿರಲಿಲ್ಲ. ದವಾಖಾನೆಯಲ್ಲಿ ‘ನೀವು ಇವಳಿಗೆ ಏನಾಗಬೇಕು?’ ಎಂದು ಕೇಳಿದರಂತೆ. ರಾತ್ರಿಯಿಡೀ ಎತ್ತಿಕೊಂಡು ಓಡಾಡಿದವಳು ‘ಚಿಕ್ಕಮ್ಮ’ ಎಂದು ಹೇಳಬೇಕಾಯಿತು.

ಹಾಗಂತ ಏನೂ ಬದಲಾಗಿಲ್ಲ ಎಂದೇನಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಇಂಥ ಜೋಡಿಗಳನ್ನು ರೇಷನ್ ಕಾರ್ಡಿಗೆ ಒಂದೇ ಕುಟುಂಬವೆಂದು ಪರಿಗಣಿಸುವಂತೆ ರಾಜ್ಯಗಳಿಗೆ ತಿಳಿಸಿತು. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದೂ ಹೇಳಿತು. 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್, ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿಯಲ್ಲ ಎಂಬ ಮಾತನ್ನು ಆಡಿತು. ಪಾಸ್‌ಪೋರ್ಟ್ ಅರ್ಜಿಗೆ 2016ರ ಕೊನೆಯಿಂದಲೇ ತಂದೆ ಅಥವಾ ತಾಯಿ ಒಬ್ಬರ ಹೆಸರು ಸಾಕು. ನನಗೆ ನಗು ಬರುವುದು ಇಲ್ಲಿಯೇ. ದೇಶ ದಾಟಲು ಅಪ್ಪನ ಹೆಸರು ಬೇಕಿಲ್ಲ, ನಮ್ಮ ಓಣಿ ದಾಟಲು ಬೇಕು.

‘ಇದೆಲ್ಲ ಬೆಂಗಳೂರು ಮಂದಿಯ ಶೋಕಿ, ನಮ್ಮ ಕಡೆ ಇಲ್ಲ’ ಎಂದು ನನ್ನ ಗೆಳೆಯನೇ ಅಂದ. ಭರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುವ ಸೀಮೆ ನಮ್ಮದು. ಸೀರೆ ಉಟ್ಟ ಜೋಗಪ್ಪ ಬಾಗಿಲಿಗೆ ಬಂದರೆ ಅವ್ವ ಮೊರದಲ್ಲಿ ಜೋಳ ತಂದು ಹಾಕಿ ಕೈಮುಗಿಯುತ್ತಾಳೆ. ಮಂಜಮ್ಮ ಜೋಗತಿ ಅವರು ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದಾಗ, 2021ರಲ್ಲಿ ಪದ್ಮಶ್ರೀ ಪಡೆದಾಗ ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು. ಜೋಗತಿಯರ ಬದುಕು ಬೇರೆ, ನನ್ನ ಅಕ್ಕನ ಬದುಕು ಬೇರೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಆದರೆ ಗಂಡು-ಹೆಣ್ಣಿನ ಲೆಕ್ಕಕ್ಕೆ ಹೊಂದದವರನ್ನು ನಾವು ಕಂಡೇ ಇಲ್ಲ ಎನ್ನುವುದು ಸುಳ್ಳು. ಅಂಗಳದವರೆಗೆ ಬರಮಾಡಿಕೊಳ್ಳುತ್ತೇವೆ, ಬಾಡಿಗೆಗೆ ಖೋಲಿ ಕೊಡುವುದಿಲ್ಲ, ಅಷ್ಟೇ.

ಇನ್ನು ‘ಅಪ್ಪ-ಅವ್ವ ಇಬ್ಬರೂ ಇರುವುದೇ ಮನೆ’ ಎಂಬ ಮಾತು. ನನ್ನ ಕ್ಲಾಸಿನಲ್ಲೇ ಎಷ್ಟು ಜನ ಹಾಗೆ ಬೆಳೆದಿದ್ದಾರೆ? ಗೋವಾ, ಮಂಗಳೂರಿಗೆ ದುಡಿಯಲು ಹೋದವರ ಮಕ್ಕಳನ್ನು ಅಜ್ಜಿ ಸಾಕಿದ್ದಾಳೆ. ರಬಕವಿಯ ನನ್ನ ರೂಮ್‌ಮೇಟ್‌ನನ್ನು ಬೆಳೆಸಿದವರು ಗಂಡನನ್ನು ಕಳೆದುಕೊಂಡ ಅವ್ವ ಮತ್ತು ಮದುವೆಯಾಗದ ಸೋದರತ್ತೆ. ಒಬ್ಬರು ಮಗ್ಗದ ಮೇಲೆ, ಒಬ್ಬರು ಒಲೆಯ ಮುಂದೆ. ಅವನನ್ನು ಯಾರೂ ‘ನಿನ್ನ ಮನೆ ಮನೆಯಲ್ಲ’ ಅಂದಿಲ್ಲ. ಇಬ್ಬರು ಹೆಂಗಸರು ಕೂಡಿ ಮಗು ಬೆಳೆಸುವುದು ನಮಗೆ ಹೊಸದಲ್ಲ. ಅವರಿಬ್ಬರೂ ಪರಸ್ಪರ ಪ್ರೀತಿಸುತ್ತಾರೆ ಎಂಬುದಷ್ಟೇ ನಮಗೆ ತ್ರಾಸು. ಮಗುವನ್ನು ಶಾಲೆಯಲ್ಲಿ ಕಾಡಿಸುತ್ತಾರೆ ಎನ್ನುವವರೂ ಇದ್ದಾರೆ. ಕಾಡಿಸಬಹುದು. ಆದರೆ ಕಾಡಿಸುವ ಹುಡುಗ ಅದನ್ನು ಶಾಲೆಯಲ್ಲಿ ಕಲಿತಿರುವುದಿಲ್ಲ, ಮನೆಯ ಕಟ್ಟೆಯ ಮೇಲೆ ದೊಡ್ಡವರ ಮಾತು ಕೇಳಿ ಕಲಿತಿರುತ್ತಾನೆ.

ಹಾಗಾದರೆ ಬೆಂಗಳೂರೇ ವಾಸಿ ಅಲ್ಲವೇ, ಅಲ್ಲಿ ಯಾರೂ ಕೇಳುವುದಿಲ್ಲವಲ್ಲ ಎಂದು ಅಕ್ಕನನ್ನು ಕೇಳಿದೆ. ‘ಹೌದು, ಯಾರೂ ಕೇಳಂಗಿಲ್ಲ. ಜಡ್ಡ ಬಿದ್ದಾಗೂ ಕೇಳಂಗಿಲ್ಲ’ ಅಂದಳು. ಅಲ್ಲಿ ವರ್ಷವರ್ಷ ಪ್ರೈಡ್ ಮೆರವಣಿಗೆ ನಡೆಯುತ್ತದೆ, ಇವರಂಥ ಗೆಳೆಯರಿದ್ದಾರೆ, ಅದು ದೊಡ್ಡ ಧೈರ್ಯ. ಆದರೆ ಆ ಗೆಳೆಯರೆಲ್ಲ ಊರಿನ ಆ ತುದಿಗೆ. ಟ್ರಾಫಿಕ್‌ನಲ್ಲಿ ಎರಡು ತಾಸು. ‘ಅರ್ಧ ತಾಸು ಕೂಸಿನ್ನ ನೋಡ್ಕೋರಿ’ ಎಂದು ಪಕ್ಕದ ಮನೆಯಲ್ಲಿ ಬಿಟ್ಟು ಹೋಗುವ ಸಲಿಗೆ ಅವರಿಗೆ ಅಲ್ಲಿ ಸಿಕ್ಕಿಲ್ಲ. ಜಮಖಂಡಿಯಲ್ಲಿ ಸಿಗುವುದು ಅದೇ. ‘ಗಂಡ ಎಲ್ಲಿ?’ ಎಂದು ಕೇಳುವ ಆ ಆಯಿಯೇ ನೆಗಡಿಯಾದರೆ ಕಷಾಯ ಕಾಸಿ ತರುತ್ತಾಳೆ, ಪರೀಕ್ಷೆಯ ದಿನ ಮೊಸರು-ಸಕ್ಕರೆ ಕೊಡುತ್ತಾಳೆ. ನಮ್ಮ ಊರಿನ ಈ ವಿಚಾರಿಸುವ ಚಟ ನನಗೆ ಸಿಟ್ಟು ತರಿಸುತ್ತದೆ, ಹಾಸ್ಟೆಲ್‌ನಲ್ಲಿದ್ದಾಗ ಅದನ್ನೇ ನೆನೆಯುತ್ತೇನೆ. ಆ ಕಾಳಜಿ ಗಂಡ ಇದ್ದವರಿಗೆ ಮಾತ್ರ ಎಂದು ಕರಾರು ಹಾಕಿದ್ದು ಯಾರು?

ಇದನ್ನು ಓದುವ ನಮ್ಮಲ್ಲಿ ಹೆಚ್ಚಿನವರು ಇನ್ನೆರಡು ವರ್ಷದಲ್ಲಿ ಕೆಲಸಕ್ಕೆ ಸೇರುತ್ತೇವೆ. ಯಾರೋ ಶಾಲೆಯ ಕ್ಲರ್ಕ್ ಆಗುತ್ತೇವೆ, ಯಾರೋ ನರ್ಸ್, ಬ್ಯಾಂಕಿನ ಕೌಂಟರಿನಲ್ಲಿ ಕೂರುತ್ತೇವೆ, ಅಪ್ಪ ಕಟ್ಟಿಸಿದ ಮನೆಯ ಮೇಲಂತಸ್ತನ್ನು ಬಾಡಿಗೆಗೆ ಕೊಡುತ್ತೇವೆ. ಕಾನೂನು ಬರುವುದು ಯಾವಾಗಲೋ. ಅರ್ಜಿಯಲ್ಲಿ ‘ತಂದೆ’ ಎಂಬ ಗೆರೆ ಖಾಲಿ ಇದ್ದರೆ ಹುಬ್ಬೇರಿಸದೆ ಮುಂದಿನ ಗೆರೆ ತುಂಬಿಸಿಕೊಳ್ಳಲು ಸಂಸತ್ತಿನ ಅಪ್ಪಣೆ ಬೇಕಿಲ್ಲ.

ಎರಡನೆಯ ಮನೆ ಒಬ್ಬ ನಿವೃತ್ತ ಮಾಸ್ತರರದು. ಅಕ್ಕ ಹೇಳಿದ್ದಳೆಂದು ಈ ಸಲ ನಿಜ ಹೇಳಿದೆ. ಕೈ ಬೆವೆತಿತ್ತು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ‘ನನಗೇನ ತ್ರಾಸಿಲ್ಲಪಾ ತಮ್ಮಾ. ಓಣಿ ಮಂದಿ ಕೇಳಿದ್ರ ಏನ ಹೇಳ್ಲಿ?’ ಅಂದರು. ಉತ್ತರ ಹೊಳೆಯದೆ ಎದ್ದು ಬಂದೆ. ಆ ಮನೆಯ ಗೇಟಿಗೆ ‘ಬಾಡಿಗೆಗಿದೆ’ ಎಂಬ ಬೋರ್ಡು ಇನ್ನೂ ತೂಗುತ್ತಿದೆ. ಬರುವ ಭಾನುವಾರ ಊರಿಗೆ ಹೋದಾಗ ಅವ್ವನನ್ನೂ ಕರೆದುಕೊಂಡು ಮತ್ತೊಮ್ಮೆ ಹೋಗುವವನಿದ್ದೇನೆ. ‘ನಮ್ಮ ಅಕ್ಕನ ಮಗಳು, ಅಕಿ ಮನಿಯವರು ಅಂತ ಹೇಳ್ರಿ, ಕೇಳಿದವರನ್ನ ನನ್ನ ಕಡೆ ಕಳಸ್ರಿ’ ಅಂತ ತಾನೇ ಮಾಸ್ತರರಿಗೆ ಹೇಳುತ್ತಾಳಂತೆ.