ಇಂಟರ್‌ವಲ್ ಹರಟೆ: ವಜ್ರಮುನಿ ಉಗುರಿಗೆ ಸೆನ್ಸಾರ್ ಕತ್ತರಿ

ಯಾವ ನಾಯಕಿ ಯಾವ ನಿರ್ಮಾಪಕರ ಕಾರಿನಲ್ಲಿ ಊಟಿಗೆ ಹೋದಳು ಅಂತ ತಿಳಿಯೋಕೆ ಈ ಪುಟ ತಿರುವಿದ ಮಿತ್ರರು ಈ ವಾರ ಮುಂದಿನ ಪುಟಕ್ಕೆ ಜಿಗಿಯಬಹುದು. ನನಗೆ ಬಂದಿರೋ ಒಂದು ಕಾಗದ ಊಟಿ ಕಥೆಗಿಂತ ಅವಸರದ್ದು.

ಬರೆದವನು ಚಾಮರಾಜಪೇಟೆಯ ಹುಡುಗ. ಇಪ್ಪತ್ತೊಂದು ವಯಸ್ಸು, ಈ ಅಂಕಣದ ಹಳೇ ಗಿರಾಕಿ. ಅವನ ಮನೆಯಲ್ಲಿ ಒಂದು ಇಗುವಾನ ಇದೆ. ಇಗುವಾನ ಅಂದ್ರೆ ಏನು ಅಂತೀರಾ? ಬೇಲಿ ಮೇಲೆ ಕೂತು ತಲೆ ಆಡಿಸ್ತದಲ್ಲ ನಮ್ಮ ಓತಿಕ್ಯಾತ, ಅದರ ಅಮೆರಿಕದ ದೊಡ್ಡಪ್ಪ ಅಂತ ತಿಳ್ಕೊಳ್ಳಿ. ಹಸಿರು ಮೈ, ಬೆನ್ನುದ್ದಕ್ಕೂ ಗರಗಸದ ಹಲ್ಲು, ಗಂಟಲ ಕೆಳಗೆ ಜೋಲುಬಿದ್ದ ತೊಗಲು. ತಿನ್ನೋದು ಮಾತ್ರ ಸೊಪ್ಪುಸದೆ. ಅಂಗೈಯಗಲ ಇದ್ದಾಗ ಮನೆಗೆ ಬಂತು, ಮೂರು ವರ್ಷದಲ್ಲಿ ಬಾಲ ಸೇರಿ ನಾಲ್ಕಡಿ ಆಯಿತು. ಹುಡುಗ ಅದಕ್ಕಿಟ್ಟಿರೋ ಹೆಸರು ವಜ್ರಮುನಿ! ಕಣ್ಣು ಬಿಟ್ಟು ನೋಡಿದ್ರೆ ಸಾಕು, ಪಕ್ಕದ ಮನೆ ಮಕ್ಕಳು ಅಳ್ತವಂತೆ.

ತೊಂದರೆ ನೋಟದ್ದಲ್ಲ, ಉಗುರಿನದು. ಅವನ ತಾಯಿ ದಂಟಿನ ಸೊಪ್ಪು ಹಾಕೋಕೆ ಕೈ ಚಾಚಿದ್ರೆ ವಜ್ರಮುನಿ ಆ ಕೈಯನ್ನೇ ಮರದ ಕೊಂಬೆ ಅಂದುಕೊಂಡು ಹೆಗಲವರೆಗೂ ಹತ್ತುತ್ತಾನೆ. ಆ ತಾಯಿಗೆ ಸಕ್ಕರೆ ಕಾಯಿಲೆ. ಒಂದು ಗೀರು ಮೂರು ವಾರ ಆದರೂ ಮಾಗಲಿಲ್ಲ, ಕೀವು ಕಟ್ಟಿತು. ಇನ್ನೊಂದು ಸಲ ಹೀಗಾದರೆ ಕೈಗೇ ಸಂಚಕಾರ ಅಂತ ಡಾಕ್ಟರು ಹೇಳಿದ ಮೇಲೆ ಮನೆಯಲ್ಲಿ ತೀರ್ಪಾಯಿತು. ಭಾನುವಾರದೊಳಗೆ ಒಂದೋ ಉಗುರು ಹೋಗಬೇಕು, ಇಲ್ಲ ಉಗುರಿನ ಯಜಮಾನ ಹೋಗಬೇಕು. ಗೆಳೆಯರು ಎರಡು ಉಪಾಯ ಕೊಟ್ಟಿದ್ದಾರೆ. ಉಗುರನ್ನ ಬುಡಸಮೇತ ಕತ್ತರಿಸಿಬಿಡು ಅಂತ ಒಬ್ಬ. ರಾತ್ರೋರಾತ್ರಿ ಲಾಲ್‌ಬಾಗಿನಲ್ಲಿ ಬಿಟ್ಟು ಬಾ ಅಂತ ಇನ್ನೊಬ್ಬ. "ಅಣ್ಣಾ, ಯಾವುದು ಮಾಡಲಿ?"

ಎರಡೂ ಬೇಡ ಕಣಯ್ಯಾ!

ನಾನು ಪಿಯುಸಿ ಅರ್ಧಕ್ಕೇ ಬಿಟ್ಟವನು. ಕಪ್ಪೆ ಕೊಯ್ಯೋ ಪ್ರಾಕ್ಟಿಕಲ್ಲಿಗೂ ಪೂರ್ತಿ ನಿಂತವನಲ್ಲ. ಆದ್ದರಿಂದ ಹುಡುಗನನ್ನೂ ವಜ್ರಮುನಿಯನ್ನೂ ಬಸವನಗುಡಿಯಲ್ಲಿರೋ ಪರಿಚಯದ ಪಶುವೈದ್ಯರ ಹತ್ತಿರ ಕರ್ಕೊಂಡು ಹೋದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವರು, ಇಂಥ ಪ್ರಾಣಿ ಬಲ್ಲವರು. ದಿಂಬಿನ ಗವಸಿನೊಳಗೆ ವಜ್ರಮುನಿ, ಗವಸು ಬುಟ್ಟಿಯೊಳಗೆ, ಬುಟ್ಟಿ ಆಟೋದೊಳಗೆ. ಗಾಂಧಿಬಜಾರ್ ಬರೋವರೆಗೂ ಆಟೋದವರು ಕನ್ನಡೀಲಿ ರಸ್ತೆ ನೋಡಿದ್ದಕ್ಕಿಂತ ಬುಟ್ಟಿ ನೋಡಿದ್ದೇ ಹೆಚ್ಚು.

ಡಾಕ್ಟರ ಮೊದಲ ಪ್ರಶ್ನೆ ಉಗುರಿನ ಬಗ್ಗೆ ಅಲ್ಲ. "ಇದು ಎಲ್ಲಿಂದ ಬಂತಪ್ಪಾ? ಬಿಲ್ ಇದೆಯಾ?" ಹುಡುಗ ನೆಲ ನೋಡಿದ.

ಇಲ್ಲಿ ಸ್ವಲ್ಪ ಕಾಯಿದೆ ಹೇಳಲೇಬೇಕು, ಬೇಸರ ಮಾಡ್ಕೋಬೇಡಿ. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. ಮರುವರ್ಷ ಅಣ್ಣಾವ್ರು 'ಗಂಧದ ಗುಡಿ'ಯಲ್ಲಿ ಅರಣ್ಯಾಧಿಕಾರಿಯಾಗಿ ಬಂದರು. ಆ ಚಿತ್ರಕ್ಕೆ ಶಿಳ್ಳೆ ಹೊಡೆದವರ ಮೊಮ್ಮಕ್ಕಳೇ ಇವತ್ತು ಉಡದ ಮರಿ ಸಾಕ್ತೀನಿ ಅಂತ ಹೊರಟರೆ ಏನನ್ನೋಣ? ಉಡ ಮೊದಲನೇ ಷೆಡ್ಯೂಲಿನ ಪ್ರಾಣಿ. ಹಿಡಿದು ಸಾಕಿದರೆ, ಕೊಂದರೆ, ಮಾರಿದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. ಜತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕೋಟೆ ಹೈಸ್ಕೂಲು ಮೈದಾನದ ರಾಮೋತ್ಸವದಲ್ಲಿ ಖಂಜಿರ ಕೇಳಿರ್ತೀರಲ್ಲ? ಹಿಂದೆ ಅದಕ್ಕೆ ಉಡದ ಚರ್ಮವನ್ನೇ ಬಿಗೀತಿದ್ದರು. ಕಾಯಿದೆ ಬಂದ ಮೇಲೆ ವಿದ್ವಾಂಸರೂ ಮೇಕೆ ಚರ್ಮಕ್ಕೆ ಒಗ್ಗಿಕೊಂಡರು. ನಮಗೇನು ಕಷ್ಟ?

ಇಗುವಾನ ನಮ್ಮ ದೇಶದ್ದಲ್ಲ, ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ಅದಕ್ಕೆ ಬೇರೆ ನಿಯಮ. 2022ರಲ್ಲಿ ಕಾಯಿದೆ ತಿದ್ದಿ, 2024ರ ಫೆಬ್ರವರಿಯಲ್ಲಿ ನಿಯಮ ಹೊರಡಿಸಿದರು. ಇಂಥ ವಿದೇಶಿ ಜೀವ ಸಾಕಿದವರು 'ಪರಿವೇಶ್' ಅನ್ನೋ ಸರ್ಕಾರಿ ಜಾಲತಾಣದಲ್ಲಿ ನೋಂದಾಯಿಸಬೇಕು. ಮೊದಲೇ ಸಾಕಿಕೊಂಡಿದ್ದವರಿಗೆ ಆರು ತಿಂಗಳ ಗಡುವು ಕೊಟ್ಟಿದ್ದರು, ಅದು 2024ರ ಆಗಸ್ಟಿಗೇ ಮುಗೀತು. ಇಷ್ಟೆಲ್ಲ ಯಾಕೆ ಅಂತ ಕೇಳಬೇಡಿ. 2023ರ ಆಗಸ್ಟಿನಲ್ಲಿ ಬ್ಯಾಂಕಾಕಿನಿಂದ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದ ಒಬ್ಬ ಪ್ರಯಾಣಿಕನ ಪೆಟ್ಟಿಗೆಯಲ್ಲಿ 234 ಜೀವಗಳು ಸಿಕ್ಕವು. ಹೆಬ್ಬಾವು, ಗೋಸುಂಬೆ, ಆಮೆ, ಇಗುವಾನ... ಕಾಂಗರೂ ಮರಿಯೊಂದು ಉಸಿರುಕಟ್ಟಿ ಸತ್ತೇಹೋಗಿತ್ತು. ವಜ್ರಮುನಿ ಯಾವ ಪೆಟ್ಟಿಗೆಯಲ್ಲಿ ಬಂದನೋ!

ಸರಿ, ಉಗುರಿಗೆ ಬರೋಣ. ಡಾಕ್ಟರು ವಜ್ರಮುನಿಯ ಕಾಲು ದೀಪಕ್ಕೆ ಹಿಡಿದು ತೋರಿಸಿದರು. ಉಗುರಿನ ತುದಿ ಸೂಜಿ ಹಾಗೆ, ಬೆಳಕು ದಾಟುತ್ತೆ. ಬುಡದ ಕಡೆ ಮಬ್ಬು. ಆ ಮಬ್ಬಿನಲ್ಲೇ ರಕ್ತನಾಳ ಇದೆ, ನರ ಇದೆ. ನಿಮ್ಮ ಬೆರಳಿನ ಉಗುರು ಕಿತ್ತರೆ ಹೇಗಿರುತ್ತೋ ಅದಕ್ಕೂ ಹಾಗೇ. ಬುಡಸಮೇತ ಕತ್ತರಿಸಿದರೆ ರಕ್ತ, ಕೀವು, ಆಮೇಲೆ ಬೆರಳೇ ಹೋಗಬಹುದು. ಪ್ರಾಣಿಹಿಂಸೆ ಕಾಯಿದೆ ಪ್ರಕಾರ ಅಪರಾಧ ಕೂಡ. ಅಂದಹಾಗೆ 1960ರ ಆ ಕಾಯಿದೆಯಲ್ಲಿ ಮೊದಲ ತಪ್ಪಿಗೆ ಇಟ್ಟ ದಂಡ 10ರಿಂದ 50 ರೂಪಾಯಿ! ಬ್ಲ್ಯಾಕಿನಲ್ಲಿ ಒಂದು ಬಾಲ್ಕನಿ ಟಿಕೆಟ್ಟೂ ಬರಲ್ಲ.

ಕತ್ತರಿಸಬೇಕಾದ್ದು ಆ ಸೂಜಿಮೊನೆ ಮಾತ್ರ. ಒಂದು ಮಿಲಿಮೀಟರು, ತಪ್ಪಿದರೆ ಎರಡು. ಸೆನ್ಸಾರ್‌ನವರು ಫೈಟ್ ಸೀನಿನಲ್ಲಿ ನಾಲ್ಕಡಿ ಕತ್ತರಿಸ್ತಾರೆ, ರೀಲನ್ನೇ ಸುಡೋದಿಲ್ಲ ನೋಡಿ, ಹಾಗೆ. ಕೊಕ್ಕೆ ಹೋದರೆ ಗೀರು ಬೀಳಲ್ಲ, ಉಗುರು ಉಳಿದರೆ ಹತ್ತೋಕೆ ತೊಂದರೆ ಇಲ್ಲ. ಇಗುವಾನ ಮರದ ಜೀವ. ಉಗುರಿಲ್ಲದೆ ಕೊಂಬೆ ಹಿಡಿದರೆ ಜಾರಿ ಬಿದ್ದು ಮೂಳೆ ಮುರೀತದೆ. ಉಡದ ಹಿಡಿತ ಅಂತ ಸುಮ್ಮನೆ ಹೇಳ್ತಾರಾ? ಬಹಮನಿ ಸುಲ್ತಾನರ ಕಾಲದಲ್ಲಿ ಉಡಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದರು, ಅದಕ್ಕೇ ಘೋರ್ಪಡೆ ಅನ್ನೋ ಹೆಸರು ಬಂತು ಅಂತ ನಮ್ಮ ಮುಧೋಳದ ರಾಜಮನೆತನದ ಐತಿಹ್ಯ. ಮರಾಠಿಯಲ್ಲಿ ಘೋರ್ಪಡ ಅಂದ್ರೆ ಉಡ. ಹಗ್ಗದ ಕಥೆ ನಂಬೋದು ಬಿಡೋದು ನಿಮಗೆ ಬಿಟ್ಟದ್ದು, ಉಗುರನ್ನ ನಂಬಿ.

ಹಿಡಿಯೋ ವಿದ್ಯೆಯೇ ಮುಕ್ಕಾಲು ಕೆಲಸ. ಮೇಲಿನಿಂದ ಕೈ ಹಾಕಬಾರದು. ಇಗುವಾನಕ್ಕೆ ನೆತ್ತಿ ಮೇಲೆ ಮೂರನೇ ಕಣ್ಣೊಂದಿದೆ, ತಮಾಷೆ ಅಲ್ಲ! ಸಣ್ಣ ಚುಕ್ಕೆಯಂಥದ್ದು. ಚಿತ್ರ ಕಾಣಲ್ಲ, ಬೆಳಕು ನೆರಳು ಮಾತ್ರ ಗೊತ್ತಾಗ್ತದೆ. ಮೇಲಿಂದ ನೆರಳು ಬಿತ್ತೋ, ಹದ್ದು ಬಂತು ಅಂತ ಬಾಲ ಬೀಸ್ತದೆ. ಪಕ್ಕದಿಂದ ಬನ್ನಿ, ಎದೆಗೂ ಸೊಂಟಕ್ಕೂ ಕೈ ಕೊಟ್ಟು ಎತ್ತಿ. ಬಾಲ ಹಿಡಿದು ಎಳೆದರೆ ಹಲ್ಲಿ ಬಾಲದ ಹಾಗೆ ಕೈಯಲ್ಲೇ ಉಳೀತದೆ. ಮತ್ತೆ ಬೆಳೆದರೂ ಮೊದಲಿನ ಅಂದ ಬರಲ್ಲ.

ಹಾಲಿವುಡ್ಡಿನವರಿಗೆ ಈ ಮರ್ಯಾದೆ ಇರಲಿಲ್ಲ. 1959ರ 'ಜರ್ನಿ ಟು ದಿ ಸೆಂಟರ್ ಆಫ್ ದಿ ಅರ್ತ್' ಚಿತ್ರದಲ್ಲಿ ಬರೋ ಡೈನೋಸಾರ್‌ಗಳು ಯಾರು ಅಂದುಕೊಂಡಿರಿ? ಬೆನ್ನಿಗೆ ರೆಕ್ಕೆಯಂಥದ್ದು ಅಂಟಿಸಿಕೊಂಡ ಇಗುವಾನಗಳೇ! ನಮ್ಮಲ್ಲಿ 2001ರ ನಿಯಮ ಬಂದ ಮೇಲೆ ಚಿತ್ರದಲ್ಲಿ ಪ್ರಾಣಿ ಬಳಸಬೇಕಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು.

ಡಾಕ್ಟರು ಮೊದಲು ಹತ್ತು ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ಕಾಲು ನೆನೆಸಿದರು. ಉಗುರು ಮೆತ್ತಗಾಯಿತು, ಬೆರಳಿಗೆ ಸುತ್ತಿಕೊಂಡಿದ್ದ ಹಳೇ ಪೊರೆಯೂ ಬಿಟ್ಟಿತು. ಆ ಪೊರೆ ದಾರ ಬಿಗಿದ ಹಾಗೆ ಉಳಿದರೆ ಬೆರಳು ಕೊಳೀತದಂತೆ. ಆಮೇಲೆ ಟವೆಲಿನಲ್ಲಿ ತಲೆ, ಕಣ್ಣು, ಮೂರು ಕಾಲು ಸುತ್ತಿದರು. ಮೂಗು ಹೊರಗೆ, ಕತ್ತರಿಸೋ ಕಾಲು ಹೊರಗೆ. ಕಣ್ಣಿಗೆ ಕತ್ತಲಾದ ತಕ್ಷಣ ನಮ್ಮ ವಿಲನ್ ತಣ್ಣಗಾದ. ಬೆಕ್ಕಿನ ಉಗುರು ಕತ್ತರಿಸೋ ಪುಟ್ಟ ಕಟರು ತಗೊಂಡು ಒಂದೊಂದು ಬೆರಳನ್ನೂ ಎರಡು ಬೆರಳಿನಲ್ಲಿ ಆನಿಸಿ ಹಿಡಿದು, ಟಿಕ್... ಟಿಕ್... ಕಾಲಿಗೆ ಐದರಂತೆ ಇಪ್ಪತ್ತು ಉಗುರು. ಉಗುರು ಕಪ್ಪಗಿದ್ದ ಕಡೆ ಹಿಂದಿನಿಂದ ಟಾರ್ಚ್ ಬಿಟ್ಟು, ಎಳ್ಳಷ್ಟು ಎಳ್ಳಷ್ಟೇ ತೆಗೆದರು.

ಕೊನೇ ಕಾಲು ಹುಡುಗನಿಗೇ ಕೊಟ್ಟರು, ಕಲೀಲಿ ಅಂತ. ಮೂರನೇ ಉಗುರಿಗೆ ಅವನ ಕೈ ನಡುಗಿತು. ಟವೆಲಿನೊಳಗೆ ವಜ್ರಮುನಿ ಮೈಯೆಲ್ಲ ಸೆಟೆದ. ಒಂದು ಹನಿ ರಕ್ತ. ಹುಡುಗನ ಮುಖದಲ್ಲಿ ಅದಕ್ಕಿಂತ ಕಡಿಮೆ ರಕ್ತ ಇತ್ತು! ಡಾಕ್ಟರು ಬೈಯಲಿಲ್ಲ. ಚಿಟಿಕೆ ಕಾರ್ನ್‌ಫ್ಲೋರ್ ಉಗುರಿನ ತುದಿಗೆ ಒತ್ತಿ, ಹತ್ತಿಯಿಂದ ಐದು ನಿಮಿಷ ಬಿಡದೆ ಹಿಡಿಸಿದರು. ನಿಂತಿತು. ನಿಲ್ಲದಿದ್ದರೆ ಮನೇಲಿ ಕಾಯುತ್ತಾ ಕೂರಬೇಡಿ, ವೈದ್ಯರ ಹತ್ತಿರ ಓಡಿ. ನಮ್ಮ ಮನೆಗಳಲ್ಲಿ ಗಾಯಕ್ಕೆ ಕಾಫಿಪುಡಿ ಮೆತ್ತೋ ಅಭ್ಯಾಸ ಇದೆಯಲ್ಲ, ಅದು ಬೇಡ. ಉಳಿದ ಎರಡು ಉಗುರು ಅವನೇ ಮುಗಿಸಿದ, ಉಸಿರು ಬಿಗಿಹಿಡಿದು.

ನನಗೆ ಒಂದು ಅನುಮಾನ. ಕಾಡಿನಲ್ಲಿ ಇದಕ್ಕೆ ಯಾರು ಉಗುರು ಕತ್ತರಿಸ್ತಾರೆ? ಡಾಕ್ಟರು ನಕ್ಕರು. ಅಲ್ಲಿ ಮರದ ತೊಗಟೆ, ಕಲ್ಲು ತಾನೇ ಸವೆಸ್ತದೆ. ನಮ್ಮ ಬೆಂಗಳೂರಿನ ಬಂಡೆಗಳ ಮೇಲೆ ಬಿಸಿಲು ಕಾಯೋ ಕಲ್ಲು ಓತಿಗೆ ಯಾವ ಕ್ಷೌರಿಕನೂ ಬೇಡ. ವಜ್ರಮುನಿ ಇರೋದು ಗಾಜಿನ ಪೆಟ್ಟಿಗೆಯಲ್ಲಿ, ಹಳೇ ಪೇಪರಿನ ಮೇಲೆ. (ನಮ್ಮ ಪತ್ರಿಕೆಯೂ ಅಲ್ಲಿ ಹಾಸಿಗೆಯಾಗಿದೆ ಅಂತ ಆಮೇಲೆ ಗೊತ್ತಾಯಿತು.) ಒರಟು ತೊಗಟೆಯ ದಪ್ಪ ಕೊಂಬೆ, ಒಂದು ಚಪ್ಪಡಿ ಕಲ್ಲು ಇಟ್ಟರೆ ಅರ್ಧ ಕೆಲಸ ತಾನೇ ಆಗ್ತದೆ. ಬಿಸಿಲೂ ಬೇಕು. ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ, ಮೂಳೆ ಗಟ್ಟಿ ಮಾಡೋ ಕಿರಣ ಗಾಜು ದಾಟಲ್ಲ. ಆ ಕಿರಣ ಇಲ್ಲದೆ ಬೆಳೆದ ಇಗುವಾನದ ಮೂಳೆ ಹಪ್ಪಳ. ಉಗುರಿಗೆ ಅಂತ ಜೋರಾಗಿ ಹಿಡಿದರೂ ಕಾಲು ಲಟಕ್ ಅನ್ನಬಹುದು.

ಲಾಲ್‌ಬಾಗ್ ಉಪಾಯ ಕೊಟ್ಟ ಗೆಳೆಯನಿಗೆ ಒಂದು ಮಾತು. ಅಮೆರಿಕದ ಫ್ಲಾರಿಡಾದಲ್ಲಿ ಹೀಗೇ ಬಿಟ್ಟ, ತಪ್ಪಿಸಿಕೊಂಡ ಇಗುವಾನಗಳು ಸಂಸಾರ ಹೂಡಿ ಊರಿಗೇ ಪೀಡೆಯಾಗಿವೆ. ಚಳಿ ಜಾಸ್ತಿಯಾದ ರಾತ್ರಿ ಮರದಿಂದ ಕಲ್ಲಿನ ಹಾಗೆ ಉದುರುತ್ತವೆ. ನಮ್ಮ ಡಿಸೆಂಬರ್ ಚಳಿಯಲ್ಲಿ, ನಾಯಿಗಳ ನಡುವೆ, ವಜ್ರಮುನಿ ಎಷ್ಟು ದಿನ?

ತಾಯಿಯ ವಿಷಯಕ್ಕೆ ಡಾಕ್ಟರು ಖಡಾಖಂಡಿತ. ಉಗುರು ಮೊಂಡಾದರೂ ಸಕ್ಕರೆ ಕಾಯಿಲೆಯವರು ಕೈ ಹಾಕೋದು ಬೇಡ. ಈ ಜೀವಗಳ ಹೊಟ್ಟೆಯಲ್ಲಿ, ಮೈಮೇಲೆ ಸಾಲ್ಮೊನೆಲ್ಲ ಅನ್ನೋ ರೋಗಾಣು ಇರ್ತದೆ. ಐದು ವರ್ಷದೊಳಗಿನ ಮಕ್ಕಳಿಗೂ ಇದೇ ಮಾತು. ಸೊಪ್ಪು ಹಾಕೋದು, ಪೆಟ್ಟಿಗೆ ತೊಳೆಯೋದು ಎಲ್ಲ ಮಗನದ್ದೇ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೀಬೇಕು, ಅಡುಗೆಮನೆ ಸಿಂಕಿನಲ್ಲಿ ಅಲ್ಲ.

ಭಾನುವಾರ ಹುಡುಗ ಫೋನ್ ಮಾಡಿದ್ದ. ಅಮ್ಮ ವಜ್ರಮುನಿಯ ಕಾಲನ್ನ ದೂರದಿಂದಲೇ ನೋಡಿ, "ಇನ್ನೊಂದು ತಿಂಗಳು ನೋಡೋಣ" ಅಂದಿದ್ದಾರೆ. ತಿಂಗಳಿಗೆ ಉಗುರು ಮತ್ತೆ ಬೆಳೀತದೆ, ಆಗ ಅವನ ಪರೀಕ್ಷೆ. ಅದಕ್ಕೂ ಮೊದಲು ಮಲ್ಲೇಶ್ವರಂ 18ನೇ ಕ್ರಾಸಿನ ಅರಣ್ಯ ಭವನಕ್ಕೆ ಹೋಗಿ, ಬಿಲ್ಲಿಲ್ಲದ, ಗಡುವು ದಾಟಿದ ಪ್ರಾಣಿಗೆ ಏನು ದಾರಿ ಅಂತ ಕೇಳಬೇಕು. "ಭಯ ಆಗ್ತದಣ್ಣಾ, ನೀವೂ ಬನ್ನಿ" ಅಂದ. ಮಂಗಳವಾರ ಹನ್ನೊಂದು ಗಂಟೆಗೆ ಬರ್ತೀನಿ ಅಂದಿದ್ದೀನಿ.