ಅತಿವಾಹನವೂ ಅತಿವಿಸ್ಮಯವೂ

ಪಶ್ಚಿಮ ಬೆಂಗಳೂರಿನ ಉಳ್ಳವರ ಮನೆಗಳಲ್ಲಿ ಹೊಸ ಬಗೆಯ ಒಂದು ವಾಗ್ವಾದ ಕೇಳಿಬರುತ್ತದೆ. ಜೈನ ಕುಟುಂಬಗಳೂ ಇದಕ್ಕೆ ಹೊರತಲ್ಲ. ರಾಜಾಜಿನಗರದಲ್ಲಿಯೋ ಬಸವೇಶ್ವರನಗರದಲ್ಲಿಯೋ ಅಂಗಡಿ, ಕಾರ್ಖಾನೆಗಳನ್ನು ಕಟ್ಟಿ ಬೆಳೆಸಿದ ತಂದೆಗೆ ಐದು ಜನ ಕೂರಬಹುದಾದ, ಮಹಾಶಕ್ತಿಯ ಇಂಜಿನ್ನುಳ್ಳ ಐಷಾರಾಮಿ ಸೆಡಾನ್ ಬೇಕು. ಮಗನಿಗೆ ಎರಡೇ ಆಸನಗಳ ಸ್ಪೋರ್ಟ್ಸ್ ಕಾರು ಬೇಕು. ಬಂಧುಬಳಗದವರು ಸೇರಿ, ಮಗನದು ಚಾಪಲ್ಯ, ತಂದೆಯದು ವಿವೇಕ ಎಂದು ತೀರ್ಪು ನೀಡುತ್ತಾರೆ. ಈ ತೀರ್ಪು ಮೂಲದಲ್ಲಿಯೇ ತಪ್ಪು. ಧರ್ಮದ ದೃಷ್ಟಿಯಿಂದ ಈ ಎರಡು ಕಾರುಗಳ ನಡುವೆ ಅಂತರವಿಲ್ಲ. ಅಂತರವೇನಾದರೂ ಇದ್ದರೆ ಅದು ಮಗನ ಪಕ್ಷದಲ್ಲಿದೆ. ಅವನು ತನ್ನ ಆಸೆಯನ್ನು ಆಸೆಯೆಂದೇ ಒಪ್ಪಿಕೊಳ್ಳುತ್ತಾನೆ. ತಂದೆಯಾದರೋ ತನ್ನ ಆಸೆಗೆ 'ಕುಟುಂಬ'ವೆಂಬ ಹೊದಿಕೆ ಹೊದಿಸುತ್ತಾನೆ.

ಈ ಮಾತಿಗೆ ಅಂಕಿಗಳೇ ಸಾಕ್ಷಿ. ಬಿ.ಎಂ.ಡಬ್ಲ್ಯು. ಸಂಸ್ಥೆಯ ಎರಡು ಕಾರುಗಳನ್ನೇ ನೋಡಬಹುದು. ಎರಡಾಸನಗಳ 'ಝಡ್ 4 ಎಂ 40 ಐ' 2023ರ ಮೇ ತಿಂಗಳಿನಲ್ಲಿ 89.30 ಲಕ್ಷ ರೂಪಾಯಿಗಳ ಬೆಲೆಗೆ ಭಾರತದ ಮಾರುಕಟ್ಟೆಗೆ ಬಂದಿತು. ಚೆನ್ನೈಯಲ್ಲಿ ಜೋಡಿಸಲ್ಪಟ್ಟ ಸೆಡಾನ್ 'ಎಂ 340 ಐ' 2021ರ ಮಾರ್ಚಿಯಲ್ಲಿ 62.90 ಲಕ್ಷಕ್ಕೆ ಬಂದಿತು. ರಸ್ತೆ ತೆರಿಗೆ, ವಿಮೆಗಳು ಇದರ ಮೇಲೆ ಪ್ರತ್ಯೇಕ. ಎರಡರಲ್ಲಿಯೂ ಮೂರು ಲೀಟರಿನ, ಆರು ಸಿಲಿಂಡರುಗಳ ಪೆಟ್ರೋಲ್ ಇಂಜಿನ್. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು, ತಯಾರಕರ ಲೆಕ್ಕದಂತೆ, ಸ್ಪೋರ್ಟ್ಸ್ ಕಾರಿಗೆ 4.5 ಸೆಕೆಂಡು ಬೇಕು, ಸೆಡಾನ್‌ಗೆ 4.4 ಸೆಕೆಂಡು ಸಾಕು. ಹಿರಿಯರು ವಿವೇಕವೆಂದು ಕರೆದ ವಾಹನವು ಚಾಪಲ್ಯವೆಂದು ಕರೆಯಲ್ಪಟ್ಟ ವಾಹನಕ್ಕಿಂತ ಕೂದಲೆಳೆಯಷ್ಟು ಹೆಚ್ಚೇ ವೇಗವಾಗಿದೆ! ಹಿಂದಿನ ಆಸನದಲ್ಲಿ ಅಜ್ಜಿಗೆ ಸ್ಥಳವಿದೆ ಎಂಬುದೊಂದೇ ಕಾರಣದಿಂದ ಆ ವೇಗವು ಗೃಹಸ್ಥಧರ್ಮವಾಗಿಬಿಡುವುದೆ?

ಇನ್ನು ಈ ವೇಗವನ್ನು ಎಲ್ಲಿ ಬಳಸುವುದು? ಟಾಮ್‌ಟಾಮ್ ಸಂಸ್ಥೆಯ 2022ರ ಸಮೀಕ್ಷೆಯಂತೆ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಹಿಡಿಯಿತು. ಅಂದರೆ ಗಂಟೆಗೆ ಸುಮಾರು 20 ಕಿಲೋಮೀಟರ್. ಸಂಜೆಯ ಮಾಗಡಿ ರಸ್ತೆಯನ್ನೋ ಕಾರ್ಡ್ ರಸ್ತೆಯನ್ನೋ ಬಲ್ಲವರಿಗೆ ಈ ಲೆಕ್ಕವೂ ಉದಾರವೆನಿಸೀತು. ವಿಜಯನಗರದಿಂದ ಕೆಂಗೇರಿಗೆ 2021ರ ಆಗಸ್ಟಿನಿಂದ ಮೆಟ್ರೋ ರೈಲು ಓಡುತ್ತಿದೆ. ಕೆಳಗಿನ ರಸ್ತೆಯಲ್ಲಿ ಕೋಟಿಯ ಆಸುಪಾಸಿನ ಕಾರು ನಿಂತಿರುವಾಗ ಅದು ಮೇಲೆ ಹಾದುಹೋಗುತ್ತದೆ. ಓಡಲಾಗದ ಊರಿನಲ್ಲಿ ಓಟದ ಶಕ್ತಿಗೆ ತೆರುವ ಹಣವು ಪ್ರಯಾಣದ ಬೆಲೆಯಲ್ಲ, ಇತರರ ಕಣ್ಣಿಗೆ ಬೀಳುವುದರ ಬೆಲೆ.

ಆಚಾರ್ಯರು ಇದನ್ನು ಕಾಣದವರಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಮೊದಲನೆಯದೇ ಅತಿವಾಹನ. ಲೋಭದಿಂದ ಎತ್ತು ಮೊದಲಾದ ಪ್ರಾಣಿಗಳನ್ನು ಮಿತಿಮೀರಿ ನಡೆಸುವುದು ಎಂದು ಇದಕ್ಕೆ ಹಳೆಯ ವ್ಯಾಖ್ಯಾನ. ಅಗತ್ಯಕ್ಕೆ ಮೀರಿ ವಾಹನಗಳನ್ನು ಇಟ್ಟುಕೊಳ್ಳುವುದು ಎಂಬ ಅರ್ಥವೂ ಪ್ರಚಲಿತವಾಗಿದೆ. ಭೋಗೋಪಭೋಗಪರಿಮಾಣವನ್ನು ವಿವರಿಸುವಾಗ ಭೋಜನ, ಶಯನಗಳ ಜೊತೆಯಲ್ಲಿ ವಾಹನವನ್ನೂ ಹೆಸರಿಸಿ, ದಿನ, ಪಕ್ಷ, ಮಾಸ, ಋತುಗಳ ಅವಧಿಯಿಟ್ಟು ಅದನ್ನು ಬಿಡುವ ನಿಯಮವನ್ನು ಅವರು ಹೇಳಿದ್ದಾರೆ. ಶ್ವೇತಾಂಬರ ಪರಂಪರೆಯ ಉಪಾಸಕದಶಾಂಗದಲ್ಲಿ ಬರುವ ಆನಂದ ಶ್ರಾವಕ ಬಡವನಲ್ಲ. ದೂರಪ್ರಯಾಣಕ್ಕೆ ಐನೂರು ಬಂಡಿಗಳು, ಊರ ಸುತ್ತಿನ ಕೆಲಸಕ್ಕೆ ಐನೂರು ಬಂಡಿಗಳು ಎಂದು ಭಗವಾನ್ ಮಹಾವೀರರ ಎದುರಿನಲ್ಲಿ ಆತ ಮಿತಿ ಹಾಕಿಕೊಂಡ. ಸಂಖ್ಯೆ ದೊಡ್ಡದಿರಬಹುದು. ಆದರೆ ಗಮನಿಸಬೇಕಾದುದು ಸಂಖ್ಯೆಯನ್ನಲ್ಲ, ಕ್ರಮವನ್ನು. ಆತ ಮೊದಲು ಮಿತಿಯನ್ನು ನಿಶ್ಚಯಿಸಿದ. ಆಯ್ಕೆಗಳೆಲ್ಲ ಆ ಮಿತಿಯ ಒಳಗೆ ನಡೆಯಬೇಕಾದವು. ಇಂದಿನ ಶ್ರಾವಕ ಮೊದಲು ಮಳಿಗೆಗೆ ಹೋಗುತ್ತಾನೆ, ಎರಡರಲ್ಲಿ ಒಂದನ್ನು ಆರಿಸುತ್ತಾನೆ, ದುಬಾರಿಯಾದುದನ್ನು ಬಿಟ್ಟೆನೆಂಬ ಸಮಾಧಾನವನ್ನೇ ಸಂಯಮವೆಂದು ಭಾವಿಸುತ್ತಾನೆ.

ಇದಕ್ಕೆ ಬರುವ ಆಕ್ಷೇಪಗಳು ಮುಖ್ಯವಾಗಿ ಮೂರು. ನ್ಯಾಯವಾಗಿ ಗಳಿಸಿದ ಹಣವನ್ನು ಅನುಭವಿಸಿದರೆ ದೋಷವೇನು ಎಂಬುದು ಮೊದಲನೆಯದು. ಗೃಹಸ್ಥನ ಗಳಿಕೆಯನ್ನು ಜೈನಧರ್ಮ ಎಂದೂ ನಿಂದಿಸಿಲ್ಲ. ನ್ಯಾಯಾರ್ಜನೆಯು ಗಳಿಕೆಯ ಮಾರ್ಗಕ್ಕೆ ಸಂಬಂಧಿಸಿದ್ದು, ಪರಿಮಾಣವು ಗಳಿಸಿದುದರ ಮೇಲಿನ ಮಮತೆಗೆ ಸಂಬಂಧಿಸಿದ್ದು. ಒಂದನ್ನು ಪಾಲಿಸಿದವನಿಗೆ ಇನ್ನೊಂದರಿಂದ ವಿನಾಯಿತಿಯಿಲ್ಲ. ಎರಡನೆಯದು ಸುರಕ್ಷತೆಯ ವಾದ. ಮಕ್ಕಳ ಪ್ರಾಣಕ್ಕೆ ಬೆಲೆ ಕಟ್ಟಲಾಗದು, ನಿಜ. ಆದರೆ ಸಾಮಾನ್ಯ ಕುಟುಂಬಗಳ ಕೈಗೆಟುಕುವ ಟಾಟಾ ನೆಕ್ಸಾನ್ 2018ರಲ್ಲಿಯೇ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವಯಸ್ಕ ಪ್ರಯಾಣಿಕರ ರಕ್ಷಣೆಗೆ ಐದು ನಕ್ಷತ್ರಗಳನ್ನು ಪಡೆದಿತ್ತು. ಏರ್‌ಬ್ಯಾಗು, ಬ್ರೇಕುಗಳು ಪ್ರಾಣ ಉಳಿಸುತ್ತವೆ. ನಾಲ್ಕೂವರೆ ಸೆಕೆಂಡಿನ ಜಿಗಿತವು ಉಳಿಸುವುದಿಲ್ಲ. ಮೂರನೆಯದು ದಾನದ ವಾದ: ಬಸದಿಗೆ ಲಕ್ಷಾಂತರ ಕೊಡುವವನಿಗೆ ಒಂದು ಕಾರು ಭಾರವೆ? ದಾನವು ಲೋಭವನ್ನು ಕರಗಿಸುವ ಸಾಧನ. ಅದನ್ನು ಭೋಗಕ್ಕೆ ಪಡೆದ ಪರವಾನಗಿಯೆಂದು ತಿಳಿದವನು ದಾನಿಯಾಗದೆ ವ್ಯಾಪಾರಿಯಾಗಿಯೇ ಉಳಿಯುತ್ತಾನೆ.

ಆಸನದ ಹೊದಿಕೆಯ ವಿಚಾರವನ್ನಂತೂ ಯಾರೂ ಎತ್ತುವುದಿಲ್ಲ. ಚರ್ಮದ ಬೆಲ್ಟು, ಪರ್ಸುಗಳನ್ನು ಒಳಗೆ ತರಬಾರದೆಂಬ ಫಲಕವನ್ನು ಅನೇಕ ಜಿನಮಂದಿರಗಳ ಬಾಗಿಲಿನಲ್ಲಿ ಕಾಣಬಹುದು. ಭಕ್ತನು ಬೆಲ್ಟು ಬಿಚ್ಚಿಟ್ಟು ದರ್ಶನ ಮಾಡಿ, ಮರಳಿ ಬಂದು ಒಂದಕ್ಕಿಂತ ಹೆಚ್ಚು ದನಗಳ ಚರ್ಮ ಹೊದಿಸಿದ ಕಾರಿನೊಳಗೆ ಕೂರುತ್ತಾನೆ. ಸೊಂಟದ ಚರ್ಮ ಅಶುದ್ಧ, ಆಸನದ ಚರ್ಮ ಐಶ್ವರ್ಯ! ಚರ್ಮರಹಿತ ಹೊದಿಕೆಯನ್ನು ಇಂದು ಹಲವು ತಯಾರಕರು ಒದಗಿಸುತ್ತಾರೆ. ಕೇಳಿ ಪಡೆಯಲು ಬೇಕಾದುದು ಹಣವಲ್ಲ, ನೆನಪು.

ಅಸ್ತೇಯಕ್ಕೂ ಇಲ್ಲಿ ಪರೀಕ್ಷೆಯಿದೆ. 2025ರ ಫೆಬ್ರವರಿಯಲ್ಲಿ ಕರ್ನಾಟಕದ ಸಾರಿಗೆ ಇಲಾಖೆಯು, ಹೊರರಾಜ್ಯಗಳಲ್ಲಿ ನೋಂದಾಯಿಸಿ ಇಲ್ಲಿನ ತೆರಿಗೆ ಕಟ್ಟದೆ ಓಡಿಸುತ್ತಿದ್ದ 30 ಐಷಾರಾಮಿ ಕಾರುಗಳನ್ನು ಬೆಂಗಳೂರಿನಲ್ಲಿ ವಶಪಡಿಸಿಕೊಂಡಿತು. ಅದೇ ವರ್ಷದ ಜುಲೈಯಲ್ಲಿ ಮಹಾರಾಷ್ಟ್ರದ ನೋಂದಣಿಯಿದ್ದ ಒಂದು ಫೆರಾರಿ ಕಾರಿನಿಂದ 1.41 ಕೋಟಿ ರೂಪಾಯಿಗೂ ಹೆಚ್ಚಿನ ತೆರಿಗೆಯನ್ನು ವಸೂಲು ಮಾಡಲಾಯಿತು. ಮಾಲೀಕರು ಯಾವ ಮತದವರೆಂಬುದು ಇಲ್ಲಿ ಅಪ್ರಸ್ತುತ. ಇಂಥ ಉಳಿತಾಯವನ್ನು ಜಾಣತನವೆಂದು ಹೊಗಳುವ ನಾಲಿಗೆಗಳು ಎಲ್ಲ ಸಮಾಜಗಳಲ್ಲಿಯೂ ಇವೆ. ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನು ಸೇರಿಸಿದೆ. ರಾಜ್ಯದ ನಿಯಮವನ್ನು ಮೀರಿ ಲಾಭ ಪಡೆಯುವುದು ಜಾಣತನವಲ್ಲ, ಕಳ್ಳತನದ ನೆರೆಮನೆ.

ಇಷ್ಟಾದರೂ ದೋಷವೆಲ್ಲವನ್ನೂ ಕೊಳ್ಳುವವನ ತಲೆಗೆ ಕಟ್ಟುವುದು ಅನ್ಯಾಯ. ಸಮಂತಭದ್ರರು ಎಣಿಸಿದ ಐದು ಅತಿಚಾರಗಳಲ್ಲಿ ಅತಿವಿಸ್ಮಯವೂ ಒಂದು. ಅನ್ಯರ ವೈಭವವನ್ನು ಕಂಡು ಬೆರಗಾಗುವುದು ಎಂದು ಅದನ್ನು ಅರ್ಥೈಸುತ್ತಾರೆ. ಮಂದಿರದ ಬಾಗಿಲಿಗೆ ದೊಡ್ಡ ಕಾರು ಬಂದೊಡನೆ ಟ್ರಸ್ಟಿಗಳು ಎದ್ದು ಹೋಗಿ ಬರಮಾಡಿಕೊಳ್ಳುವುದು, ಸ್ಕೂಟರಿನಲ್ಲಿ ಬಂದ ಉಪಾಧ್ಯಾಯನು ತಾನೇ ಸ್ಥಳ ಹುಡುಕಿಕೊಳ್ಳುವುದು, ಹೆಣ್ಣು ಕೊಡುವವರು ವರನ ಗುಣಕ್ಕಿಂತ ಮೊದಲು ಮನೆಯ ಮುಂದಿನ ವಾಹನವನ್ನು ನೋಡುವುದು, ಇವೆಲ್ಲ ಸಮಾಜವು ಸಾಮೂಹಿಕವಾಗಿ ಆಚರಿಸುವ ಅತಿವಿಸ್ಮಯ. ಇದರ ನಿಜವಾದ ಬೆಲೆಯನ್ನು ತೆರುವವನು ಶ್ರೀಮಂತನಲ್ಲ. ಅವನಿಗೆ ಸರಿಸಮನಾಗಿ ಕಾಣಬೇಕೆಂದು ಸಾಲ ಮಾಡಿ, ತಿಂಗಳ ಕಂತಿಗೆ ಜೀವ ತೇಯುವ ಸಾಧಾರಣ ಮನೆಯ ಯುವಕ ಅದನ್ನು ತೆರುತ್ತಾನೆ.

ಆದುದರಿಂದ ತಿದ್ದುಪಡಿಯು ಟ್ರಸ್ಟುಗಳಿಂದಲೇ ಆರಂಭವಾಗಬೇಕು. ಮಂದಿರದ ಮುಂದಿನ ಸ್ಥಳವು ವೃದ್ಧರಿಗೆ, ಅಂಗವಿಕಲರಿಗೆ ಮೀಸಲಾಗಲಿ, ದಾನಿಗಳ ಕಾರುಗಳಿಗಲ್ಲ. ಚರ್ಮವನ್ನು ನಿಷೇಧಿಸುವ ಫಲಕದಲ್ಲಿ ಕಾರಿನ ಆಸನದ ಹೊದಿಕೆಗೂ ಒಂದು ಸಾಲು ಇರಲಿ. ದಶಲಕ್ಷಣ ಪರ್ವದ ಉತ್ತಮ ಆಕಿಂಚನ್ಯದ ದಿನದಂದು ಪ್ರವಚನವೊಂದರಿಂದ ತೃಪ್ತರಾಗದೆ, ಪ್ರತಿ ಮನೆಯೂ ತನ್ನ ವಾಹನಗಳ ಸಂಖ್ಯೆಗೂ ಬೆಲೆಗೂ ಮಿತಿಯನ್ನು ಬರೆದಿಡುವ ಸಂಪ್ರದಾಯ ಮೂಡಲಿ. ಪರ್ಯುಷಣವನ್ನು ಆಚರಿಸುವ ಸಂಘಗಳಿಗೂ ಈ ಮಾತು ಸಲ್ಲುತ್ತದೆ. ಆ ಹಾಳೆಯನ್ನು ಯಾರಿಗೂ ತೋರಿಸಬೇಕಿಲ್ಲ. ಆದರೆ ತಂದೆ, ಮಗ ಇಬ್ಬರೂ ಕಾರಿನ ಮಳಿಗೆಯ ಗಾಜಿನ ಬಾಗಿಲನ್ನು ತಳ್ಳುವ ಮುನ್ನ ಅದನ್ನು ಓದಿಕೊಂಡಿರಬೇಕು.